ಆಯಿ ತಿನ್ನದ ಬನ್ಸ್

ಮೊನ್ನೆ ಮೊಮ್ಮಗಳು ಕುಮಟೆಯ ಸಣ್ಣ ಹೋಟೆಲೊಂದಕ್ಕೆ ಕರೆದೊಯ್ದಳು. ಬಾಳೆಹಣ್ಣಿನ ಬನ್ಸ್ ಎಣ್ಣೆಯಲ್ಲಿ ಉಬ್ಬುವ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಪ್ಪನ ಪಕ್ಕ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತ ಹುಡುಗಿಯಾದೆ.

ನಮ್ಮೂರು ಹೊಳನಗದ್ದೆಯಿಂದ ಪೇಟೆಗೆ ಅಪ್ಪ, ಅಮ್ಮ, ನಾನು ಮೂವರೂ ನಡೆದೇ ಬರುತ್ತಿದ್ದೆವು. ಅಮ್ಮನನ್ನು ನಾನು ಕರೆಯುತ್ತಿದ್ದುದು ಆಯಿ ಎಂದು. ತಂದ ತರಕಾರಿ ಮಾರಿ ಮುಗಿದ ಮೇಲೆ ಅಪ್ಪ ನನ್ನನ್ನು ಹೋಟೆಲಿನೊಳಗೆ ಕರೆದೊಯ್ಯುತ್ತಿದ್ದ. ಆಯಿ ಮಾತ್ರ ಖಾಲಿ ಬುಟ್ಟಿ ಹಿಡಿದು ಎದುರಿನ ಮರದ ಕೆಳಗೆ ನಿಲ್ಲುತ್ತಿದ್ದಳು. ಹೆಂಗಸರು ಹೋಟೆಲಿನಲ್ಲಿ ಕೂತರೆ ಮರ್ಯಾದೆ ಹೋಗುತ್ತಿತ್ತಂತೆ. ಅದೇ ಹೆಂಗಸರು ಹೊತ್ತು ತಂದ ಸೌತೆಕಾಯಿ ಅಲ್ಲಿಯ ಸಾಂಬಾರಿಗೆ ಬೀಳುವಾಗ ಯಾರ ಮರ್ಯಾದೆಗೂ ಧಕ್ಕೆಯಿರಲಿಲ್ಲ!

ವಾಪಸು ಬರುವಾಗ ದಾರಿಯುದ್ದ ಆಯಿಯ ವಿಚಾರಣೆ.

"ಎಂತ ಹಾಕಿದ್ರೇ ಅದ್ಕೆ? ಜೀರ್ಗೆ ಬಾಯಿಗೆ ಸಿಕ್ತಾ?"

ನಾನು ಹೇಳಿದ ರುಚಿಯನ್ನೇ ನಂಬಿ, ಕಪ್ಪಾದ ಬಾಳೆಹಣ್ಣು ಹಿಸುಕಿ, ಮನೆಯಲ್ಲಿ ಬನ್ಸ್ ಕರಿಯುತ್ತಿದ್ದಳು. ನಾವು ತಿನ್ನುವಾಗ ನಮ್ಮ ಮುಖವನ್ನೇ ನೋಡುತ್ತಿದ್ದಳು.

"ಅಡ್ಡಿಲ್ಲ. ಆದ್ರೆ ಹೋಟ್ಲಿಂದು ಹೋಟ್ಲಿಂದೇ" ಎನ್ನುತ್ತಿದ್ದ ಅಪ್ಪ. ನಾನೂ ತಲೆಯಾಡಿಸುತ್ತಿದ್ದೆ.

"ಆತು, ಮುಂದಿನ ವಾರ ಸಮಾ ತಿಂದ್ಕಂಡು ಬಾ" ಎಂದು ಆಯಿ ನಗುತ್ತಿದ್ದಳು.

ಹೋಟೆಲಿನ ಬನ್ಸ್ ಅವಳು ಕಡೆಯವರೆಗೂ ತಿನ್ನಲಿಲ್ಲ. ಒಂದನ್ನಾದರೂ ಎಲೆಯಲ್ಲಿ ಕಟ್ಟಿಸಿಕೊಂಡು ಹೊರಗೆ ತರಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೊಟ್ಟೆ ತುಂಬಿದವರಿಗೆ ಅಂಥದ್ದೆಲ್ಲ ಎಲ್ಲಿ ಹೊಳೆಯುತ್ತದೆ?

"ಹ್ಯಾಂಗಿದೆ ಅಜ್ಜಿ?" ಎದುರು ಕೂತ ಮೊಮ್ಮಗಳು ಕೇಳಿದಳು.

"ನಮ್ಮ ಆಯಿ ಮಾಡ್ದಾಂಗೆ ಇಲ್ಲ ಮಗಾ."

ಹೇಳುತ್ತಿದ್ದಂತೆ ಕಣ್ಣು ತಾನಾಗಿ ಬಾಗಿಲಿನತ್ತ ಹೋಯಿತು. ಆ ಮಾತು ಕೇಳಬೇಕಾದವಳು ಹೊರಗೇ ಉಳಿದುಬಿಟ್ಟಳು.