ಅಕ್ಕ ತಂದ ಜಿಂಕೆ

ನನ್ನಕ್ಕ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ಮಾತು ಕಡಿಮೆ, ಹಟ ಜಾಸ್ತಿ. ಬೇಟೆ ಕಲಿಯುತ್ತೇನೆ ಅಂದಾಗ ಭಾವ ನಕ್ಕುಬಿಟ್ಟರು. ಅವಳು ಕ್ಲಾಸಿಗೆ ಹೋಗಿ ಲೈಸೆನ್ಸು ತಗೊಂಡಳು, ವರ್ಷವಿಡೀ ವೀಕೆಂಡುಗಳಲ್ಲಿ ಗುರಿ ಹೊಡೆಯುವುದನ್ನು ಅಭ್ಯಾಸ ಮಾಡಿದಳು. ಮಂಡ್ಯದಿಂದ ಬಂದು ಎವರ್‌ಗ್ರೀನ್ ಬಡಾವಣೆಯ ಅವಳ ಮನೆಯಲ್ಲಿದ್ದ ಅಮ್ಮನಿಗೆ ಮಾತ್ರ ದಿಗಿಲು. ಜಿಂಕೆ ಹೊಡೆದರೆ ಜೈಲಿಗೆ ಹಾಕುತ್ತಾರೆ ಎಂದು ದಿನಾ ಹೇಳುತ್ತಿದ್ದಳು. ಇಲ್ಲಿ ಸರ್ಕಾರವೇ ಪರ್ಮಿಟ್ ಕೊಡುತ್ತದೆ ಅಂದರೂ ನಂಬಲಿಲ್ಲ.

ಕಳೆದ ಆಗಸ್ಟಿನಲ್ಲಿ ಅಕ್ಕನ ಜೊತೆ ನಾನೂ ಹೋದೆ. ಅವಳ ಸಹೋದ್ಯೋಗಿಯ ಮನೆಯವರಿಗೆ ಸೇರಿದ ಗುಡ್ಡ; ಒಣಗಿದ ಹುಲ್ಲು, ಅಲ್ಲಲ್ಲಿ ಓಕ್ ಮರ. ಬೆಳಕು ಹರಿಯುತ್ತಿದ್ದಂತೆ ಎದುರಿನ ಇಳಿಜಾರಿನಲ್ಲಿ ಕೊಂಬಿನ ಗಂಡು ಜಿಂಕೆಯೊಂದು ಕಾಣಿಸಿತು. ಅಕ್ಕ ಬಂದೂಕು ಎತ್ತಿ, ಬಹಳ ಹೊತ್ತು ಹಾಗೇ ಇದ್ದು, ಕೆಳಗಿಳಿಸಿದಳು. ಜಿಂಕೆ ಪೊದೆಯೊಳಗೆ ಹೋಯಿತು. ಯಾಕೆ ಬಿಟ್ಟೆ ಎಂದು ಕೇಳಿದೆ.

"ಸರಿಯಾಗಿ ನಿಂತಿರಲಿಲ್ಲ ಕಣೇ. ಗುಂಡು ಕಾಲಿಗೆ ಬಿದ್ದಿದ್ರೆ ಎಲ್ಲೋ ಓಡಿಹೋಗಿ ನರಳಿ ಸಾಯ್ತಿತ್ತು. ನಾವೇನು ಹಸಿವಿಂದ ಸಾಯ್ತಾ ಇದೀವಾ?"

ಆ ದಿನವೆಲ್ಲ ಬಿಸಿಲಲ್ಲಿ ಬೆಂದೆವು. ಅವಳು ಒಮ್ಮೆಯೂ ಗೊಣಗಲಿಲ್ಲ. ಸಂಜೆ ದನಗಳಿಗೆಂದು ಕಟ್ಟಿದ ಹೊಂಡಕ್ಕೆ ಇನ್ನೊಂದು ಗಂಡು ನೀರು ಕುಡಿಯಲು ಬಂತು. ಒಂದೇ ಗುಂಡು. ನಿಂತಲ್ಲೇ ಬಿತ್ತು. ಅಕ್ಕ ಹತ್ತಿರ ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಳು. ಕಣ್ಣು ಒರೆಸಿಕೊಂಡಳು. ಆಮೇಲೆ ಅಂಗಿಯ ತೋಳು ಮಡಚಿ ಕೆಲಸಕ್ಕಿಳಿದಳು. ಆ ಸೆಕೆಗೆ ಮಾಂಸ ಬೇಗ ಕೆಡುತ್ತದೆ. ಹೊಟ್ಟೆ ಸೀಳಿ, ಚರ್ಮ ಬಿಡಿಸಿ, ತೊಡೆಗಳನ್ನು ಬೇರೆ ಮಾಡಿದಳು. ಹೆಗಲ ಮೇಲೆ ಹೊತ್ತು ಇಳಿದು, ಕಾರಿನಲ್ಲಿದ್ದ ಐಸ್ ಪೆಟ್ಟಿಗೆಗಳಿಗೆ ತುಂಬಿದೆವು. ನಾನು ಹೊತ್ತದ್ದಕ್ಕಿಂತ ಭಾರದ್ದನ್ನು ಅವಳೇ ಹೊತ್ತಳು.

ಮರುದಿನ ಡೈನಿಂಗ್ ಟೇಬಲ್ಲೇ ಕಸಾಯಿಖಾನೆಯಾಯಿತು. ಭಾವ ಚಾಕು ಮಸೆದುಕೊಟ್ಟು, ಅಕ್ಕ ಹೇಳಿದಂತೆ ತುಂಡು ಮಾಡಿದರು. ಅವರ ಮಗಳು ಪ್ಯಾಕೆಟ್ ಕಟ್ಟಿದಳು. ಕೊಬ್ಬೇ ಇಲ್ಲವಲ್ಲ ಎಂದು ಅಮ್ಮ ಗೊಣಗುತ್ತಲೇ ತುಪ್ಪ ಹಾಕಿ, ಮಸಾಲೆ ಅರೆದು, ಕುಕ್ಕರಿನಲ್ಲಿ ಸಾರಿಗಿಟ್ಟಳು. ಮುದ್ದೆ ಕಟ್ಟಿದಳು. ಸಂಕ್ರಾಂತಿವರೆಗೂ ಆ ಮನೆಗೆ ಅಂಗಡಿಯಿಂದ ಮಾಂಸ ತರಲಿಲ್ಲ.

ಆ ಮೊದಲ ಊಟದಲ್ಲಿ ಎಲ್ಲರೂ ಕೂತ ಮೇಲೆ, ಯಾವಾಗಲೂ ಅಳಿಯನಿಗೇ ಮೊದಲು ಬಡಿಸುವ ಅಮ್ಮ ಅಕ್ಕನ ತಟ್ಟೆಗೆ ಒಳ್ಳೊಳ್ಳೆಯ ತುಂಡುಗಳನ್ನು ಹಾಕಿದಳು.

"ತಿನ್ನವ್ವ," ಎಂದಳು. "ತಂದೋಳು ನೀನು."

ಭಾವ ತಮ್ಮ ತಟ್ಟೆ ಹಿಡಿದು ಕಾದರು.