ಇಬ್ಬನಿಗೆ ಕಾದ ಚಳಿಗಾಲ

ಧಾರವಾಡದಲ್ಲಿ ಆ ವರ್ಷ ಚಳಿಗಾಲ ಬರಲೇ ಇಲ್ಲ. ಅರವತ್ತರ ದಶಕದ ಆರಂಭದ ಮಾತು. ದೀಪಾವಳಿ ಕಳೆದು ತಿಂಗಳಾದರೂ ಆಕಾಶ ಮಾಸಿದ ಕಂಬಳಿಯ ಹಾಗೆ ಊರಿನ ಮೇಲೆ ಬಿದ್ದುಕೊಂಡಿತ್ತು. ಮುಂಜಾನೆ ಎದ್ದರೆ ಸೆಕೆ, ಮಧ್ಯಾಹ್ನ ಜಿಟಿಜಿಟಿ ಮಳೆ. ಕಚೇರಿಯಲ್ಲಿ ನನ್ನ ಜೊತೆಯ ಗುಮಾಸ್ತರು ಸ್ವೆಟರು ಟ್ರಂಕಿನಿಂದ ಹೊರಗೇ ಬರಲಿಲ್ಲವೆಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನನ್ನ ಮನೆಯ ಹಿತ್ತಲಲ್ಲಿ ಕಡಲೆಯ ಮಡಿ ಇತ್ತು, ಮನೆಯೊಳಗೆ ಹೊಟ್ಟೆಶೂಲೆಯ ಅಕ್ಕ ಇದ್ದಳು. ಇಬ್ಬನಿ ಬೀಳದಿದ್ದರೆ ಅಕ್ಕನಿಗೆ ಔಷಧಿ ಇಲ್ಲ.

ಕಡಲೆಯ ಹುಳಿ ಗೊತ್ತಿಲ್ಲದವರಿಗೆ ಹೇಳಬೇಕು. ಎಳೆ ಕಡಲೆ ಗಿಡದ ಎಲೆಯ ಮೇಲೆ ಹುಳಿ ಕೂತಿರುತ್ತದೆ. ಚಳಿಯ ದಿನಗಳಲ್ಲಿ ಸಂಜೆ ಗಿಡಗಳ ಮೇಲೆ ತೆಳ್ಳನೆಯ ಒಗೆದ ಬಟ್ಟೆ ಹಾಸಿಟ್ಟರೆ ಇಬ್ಬನಿಯಲ್ಲಿ ಆ ಹುಳಿ ಕರಗಿ ಬಟ್ಟೆಗೆ ಇಳಿಯುತ್ತದೆ. ಬಿಸಿಲೇರುವ ಮೊದಲು ಬಟ್ಟೆ ಹಿಂಡಿ, ಬಂದದ್ದನ್ನು ಶೀಸೆಯಲ್ಲಿ ತುಂಬಿಡಬೇಕು. ವರ್ಷವಾದರೂ ಕೆಡುವುದಿಲ್ಲ. ಹೊಟ್ಟೆನೋವಿಗೆ ಎರಡು ಚಮಚ ಹುಳಿ ನೀರಿನಲ್ಲಿ ಬೆರೆಸಿ ಕುಡಿಸುವುದು ನಮ್ಮ ಕಡೆ ಹಿರಿಯರಿಂದ ಬಂದ ರೂಢಿ. ಹೊಲ ಇದ್ದವರು ಹೊಲದಲ್ಲಿ ಹಿಂಡುತ್ತಾರೆ. ನಾನು ಸುಳ್ಳ ಎಂಬ ಹಳ್ಳಿಯಿಂದ ಎರಡು ಚಕ್ಕಡಿ ಎರೆಮಣ್ಣು ತರಿಸಿ ಬಾಡಿಗೆ ಮನೆಯ ಹಿತ್ತಲಿಗೆ ಸುರಿಸಿದವನು. ಮನೆಯ ಮಾಲೀಕರು ನನಗೆ ಹುಚ್ಚು ಅಂದರು. ಅನ್ನಲಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿದವನು ಇಡೀ ಓಣಿಯಲ್ಲಿ ನಾನೊಬ್ಬನೇ ಎಂಬ ಜಂಬ ನನಗಿತ್ತು. ಹೆಂಗಸರು ಬಟ್ಟಲು ಹಿಡಿದು ಹುಳಿ ಕೇಳಲು ಬಂದಾಗ ನನ್ನ ಗತ್ತು ನೋಡಬೇಕಿತ್ತು, ಯಾವ ಡಾಕ್ಟರಿಗೂ ಅಷ್ಟು ಇರಲಿಕ್ಕಿಲ್ಲ.

ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಅವಳ ಗಂಡನೂ ಬೇಗ ತೀರಿಕೊಂಡ. ನನಗೆ ನೌಕರಿ ಸಿಕ್ಕಾಗ ಒಂದು ಟ್ರಂಕು ಹೊತ್ತು ನನಗೆ ಅಡಿಗೆ ಮಾಡಿ ಹಾಕಲು ಬಂದಳು. ಎರಡು ವರ್ಷದಿಂದ ಅವಳಿಗೆ ಎದೆಗೂಡಿನ ಕೆಳಗೆ ಉರಿ, ಕೊರೆಯುವಂಥ ನೋವು. ನೋವು ಬಂದಾಗ ಒಲೆಯ ಮುಂದೆ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಕೂತುಬಿಡುತ್ತಿದ್ದಳು. ನಾನು ಹುಳಿ ಕುಡಿಸುತ್ತಿದ್ದೆ. ಕಣ್ಣು ಮುಚ್ಚಿ ಕುಡಿದು, ಬಹಳ ಹೊತ್ತಿನ ಮೇಲೆ ಈಗ ಛಲೋ ಐತಿ ಅನ್ನುತ್ತಿದ್ದಳು. ನಾನು ನಂಬುತ್ತಿದ್ದೆ. ನಂಬುವುದು ನನಗೆ ಬೇಕಾಗಿತ್ತು.

ಶೀಸೆ ದಸರೆಗೇ ಖಾಲಿಯಾಗಿತ್ತು. ಮೋಡ ಕವಿದರೆ ಇಬ್ಬನಿ ಇಳಿಯುವುದಿಲ್ಲ, ಮಳೆ ಬಂದರೆ ಎಲೆಯ ಮೇಲಿದ್ದ ಹುಳಿಯೂ ತೊಳೆದು ಹೋಗುತ್ತದೆ. ಆ ವರ್ಷ ಎರಡೂ ಆಯಿತು. ದಿನಾ ಸಂಜೆ ಬಟ್ಟೆ ಹಾಸುತ್ತಿದ್ದೆ, ದಿನಾ ಬೆಳಗ್ಗೆ ಬರಿದೇ ಮಡಚಿ ತರುತ್ತಿದ್ದೆ. ಕಡಲೆಗೆ ಹಸಿರು ಕೀಡೆ ಬಿತ್ತು. ಅರ್ಧ ಮಡಿ ಕಿತ್ತು ಮತ್ತೆ ಬಿತ್ತಿದೆ. ಸೇವಂತಿಗೆ ಮೊಗ್ಗಿನಲ್ಲೇ ಕೊಳೆಯಿತು, ಮಾವಿನ ಹೂವು ಕಪ್ಪಾಗಿ ಉದುರಿತು. ಕೀಡೆಗಳನ್ನು ಒಂದೊಂದಾಗಿ ಆರಿಸಿ ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತ, ಆಕಾಶಕ್ಕೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುವುದನ್ನು ಬಲ್ಲೆ. ಬರುವ ಮೊದಲೇ ಹೋದದ್ದನ್ನು ಕಂಡದ್ದು ಅದೇ ಮೊದಲು.

ಪಕ್ಕದ ಮನೆಯ ಅಜ್ಜಿ, ಅಕ್ಕನನ್ನು ಸರಕಾರಿ ದವಾಖಾನೆಗೆ ಕರೆದೊಯ್ಯಲು ಎರಡು ಸಲ ಹೇಳಿದರು. ಎರಡನೆಯ ಸಲ ನಾನು ಸಿಡುಕಿದೆ. ನನ್ನಿಂದ ಹುಳಿ ಒಯ್ದವರೇ ನನಗೆ ಬುದ್ಧಿ ಹೇಳುವುದೇ ಎಂದು ಸಿಟ್ಟು. ಆಮೇಲೆ ಒಂದು ದಿನ ಅಕ್ಕನೇ ಕೇಳಿದಳು.

"ತಮ್ಮಾ, ಒಮ್ಮೆ ದವಾಖಾನಿಗೆ ತೋರಿಸಿಕೊಂಡ ಬರೂಣೇನು?"

"ಇನ್ನ ನಾಕ ದಿನ ತಡಿ ಅಕ್ಕಾ. ಥಂಡಿ ಬಿದ್ದಕೂಡ್ಲೆ ಹುಳಿ ಬರತೈತಿ."

ಅವಳು ಮತ್ತೆ ಕೇಳಲಿಲ್ಲ. ಆ ನಾಲ್ಕು ದಿನ ಆರು ವಾರವಾಯಿತು.

ಹುಳಿ ದಸರೆಯಿಂದಲೇ ನಿಂತಿತ್ತು, ಆ ಆರು ವಾರ ಅವಳು ಬರೀ ಹಾಲು-ಅನ್ನದ ಮೇಲೆ ಇದ್ದಳು. ಒಲೆಯ ಮುಂದೆ ಮುದುಡಿ ಕೂರುವುದು ಕಡಿಮೆಯಾಗಿತ್ತು. ಸಂಕ್ರಾಂತಿಗೆ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿದಳು, ಹಿತ್ತಲಿಗೆ ಬಂದು ನನ್ನ ಜೊತೆ ಕೀಡೆ ಆರಿಸಿದಳು. ಎಲೆಯ ಹಿಂದೆ ಅಡಗಿದ ಕೀಡೆ ಕಾಣುತ್ತಿದ್ದ ನನ್ನ ಕಣ್ಣಿಗೆ ಅವಳ ಮುಖಕ್ಕೆ ಬಣ್ಣ ಮರಳಿದ್ದು ಕಾಣಲಿಲ್ಲ. ಕಂಡಿದ್ದರೂ ಅದನ್ನು ನನ್ನ ಹುಳಿಯ ಹಳೆಯ ಗುಣ ಎನ್ನುತ್ತಿದ್ದೆನೇನೋ.

ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಮೋಡ ಹರಿಯಿತು. ಮರುದಿನ ಬೆಳಗ್ಗೆ ಹಿತ್ತಲಿಗೆ ಕಾಲಿಟ್ಟರೆ ಪಾದಗಳು ಜುಮ್ಮೆಂದವು. ಮಡಿಯ ಮೇಲಿನ ಬಟ್ಟೆ ತೊಯ್ದು ಭಾರವಾಗಿತ್ತು. ಹಿಂಡಿದಾಗ ಬೆರಳಿನ ಸೀಳುಗಳು ಉರಿದವು, ಅಷ್ಟು ಖಡಕ್ ಹುಳಿ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಎರಡು ಚಮಚವಲ್ಲ, ಕಳೆದುಹೋದ ದಿನಗಳದ್ದೆಲ್ಲ ಸೇರಿ ಇರಲಿ ಎಂದು ಅರ್ಧ ಬಟ್ಟಲು, ನೀರನ್ನೂ ಬೆರೆಸದೆ, ಅಕ್ಕನ ಮುಂದೆ ಹಿಡಿದೆ. ಅವಳು ಇನ್ನೂ ಏನನ್ನೂ ತಿಂದಿರಲಿಲ್ಲ.

"ಇವತ್ತ ನೋವಿಲ್ಲ ತಮ್ಮಾ," ಅಂದಳು.

"ಇಲ್ಲದಾಗ ಕುಡದ್ರ ಮುಂದ ಬರೂದಿಲ್ಲ," ಅಂದೆ.

ಅವಳು ನನ್ನ ಮುಖ ನೋಡಿದಳು. ಇಷ್ಟು ದಿನ ಬಯ್ಯುತ್ತಿದ್ದ ಹುಡುಗ ಇವತ್ತು ನಗುತ್ತಿದ್ದಾನೆ ಎಂದುಕೊಂಡಿರಬೇಕು. ಬಟ್ಟಲು ಇಸಿದುಕೊಂಡು ಪೂರ್ತಿ ಕುಡಿದಳು.

ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಕಚೇರಿಗೆ ಹೇಳಿ ಕಳಿಸಿದರು. ಓಡಿ ಬಂದು ನೋಡಿದರೆ ಅಕ್ಕ ಅಡಿಗೆ ಮನೆಯ ನೆಲದ ಮೇಲೆ ಬಿದ್ದಿದ್ದಳು, ಮೈಯೆಲ್ಲ ತಣ್ಣನೆಯ ಬೆವರು. ಟಾಂಗಾದಲ್ಲಿ ದವಾಖಾನೆಗೆ ಒಯ್ದೆ. ದಾರಿಯುದ್ದಕ್ಕೂ ಅವಳು ನರಳಲಿಲ್ಲ, ನನ್ನ ಅಂಗಿಯ ತೋಳು ಹಿಡಿದಿದ್ದಳು. ಡಾಕ್ಟರು ಹೊಟ್ಟೆ ಮುಟ್ಟಿದರು. ಅದು ಹಲಗೆಯಂತೆ ಬಿಗಿದಿತ್ತು. ಒಳಗೆ ಬಹಳ ದಿನದ ಹುಣ್ಣು ಇದ್ದಿರಬೇಕು, ಅದು ಒಡೆದಿದೆ ಅಂದರು. ಆ ಹುಳಿಯಿಂದಲೇ ಒಡೆಯಿತೇ ಎಂದು ಎಷ್ಟೋ ವರ್ಷಗಳ ನಂತರ ಇನ್ನೊಬ್ಬ ಡಾಕ್ಟರನ್ನು, ಯಾರದೋ ಮನೆಯ ಸಂಗತಿ ಎಂಬಂತೆ, ಕೇಳಿದ್ದೇನೆ. ಹೇಳಲಾಗದು, ತಾನಾಗಿಯೂ ಒಡೆಯಬಹುದು, ಆದರೆ ಹುಣ್ಣಿಗೆ ಹುಳಿ ಕುಡಿಸುವವರು ಯಾರು ಅಂದರು.

ಅವತ್ತಿನ ಡಾಕ್ಟರು ನನ್ನ ಕಡೆ ತಿರುಗಿ, ಬೆಳಗ್ಗೆ ಏನು ಕೊಟ್ಟಿರಿ ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಮಾತಾಡಿದಳು.

"ಅವ ಏನೂ ಕೊಟ್ಟಿಲ್ರಿ. ನಾನ ಖಾರದ ಚಟ್ನಿ ತಿಂದೇನ್ರಿ. ತಮ್ಮ ಬ್ಯಾಡ ಅಂತಿದ್ದ, ಕೇಳಲಿಲ್ರಿ."

ಆ ದಿನ ಅವಳು ಚಟ್ನಿಯ ಭರಣಿಯನ್ನು ಮುಟ್ಟಿರಲಿಲ್ಲ. ಡಾಕ್ಟರು ಅವಳನ್ನು ಗದರಿಸಿದರು. ಇಷ್ಟು ವಯಸ್ಸಾದರೂ ನಾಲಗೆ ಹಿಡಿಯಲು ಬಾರದೇ ಎಂದರು. ಅವಳು ತಪ್ಪು ಮಾಡಿದ ಸಾಲಿ ಹುಡುಗಿಯ ಹಾಗೆ ಕಣ್ಣು ಕೆಳಗೆ ಮಾಡಿದಳು. ನಾನು ತೆರೆದ ಬಾಯಿ ಮುಚ್ಚಿದೆ.

ಹೊಟ್ಟೆ ಕೊಯ್ದು ಹೊಲಿದರು. ಮೂರನೆಯ ದಿನ ಬೆಳಗ್ಗೆ ಅಕ್ಕ ಹೋದಳು. ಡಾಕ್ಟರು ವರಾಂಡಕ್ಕೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನೀವು ಬ್ಯಾಡಂದ್ರೂ ಅವರು ಕೇಳಲಿಲ್ಲ. ನೀವರ ಏನ್ ಮಾಡತೀರಿ."

ನಾನು ಹೌದ್ರಿ ಎಂದೆ.