ಷಡ್ಡಕನ ಸ್ಪೀಡ್ ಬೋಟು

ನನಗೆ ಹೊಟ್ಟೆಕಿಚ್ಚು ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ನಾಲ್ಕು ಸಾಲು ಓದುವಷ್ಟರಲ್ಲಿ ನೀವು ಹೇಗೂ ಕಂಡುಹಿಡಿಯುತ್ತೀರಿ. ಹೊಟ್ಟೆಕಿಚ್ಚಿನಲ್ಲೂ ದರ್ಜೆಗಳಿವೆ. ದೊಡ್ಡ ಶ್ರೀಮಂತರನ್ನು ಕಂಡು ಉರಿಯುವುದು ದಂಡ. ನಾವು ಉರಿಯುತ್ತಿರುವುದು ಅವರಿಗೆ ಗೊತ್ತೇ ಆಗುವುದಿಲ್ಲ. ನೆರೆಮನೆಯವನನ್ನು ಕಂಡು ಉರಿಯುವುದಕ್ಕೆ ಸ್ವಲ್ಪ ಅರ್ಥವಿದೆ. ಆದರೆ ಷಡ್ಡಕನನ್ನು ಕಂಡು ಉರಿಯುವ ಉರಿಯ ಮುಂದೆ ಉಳಿದವೆಲ್ಲ ಬರೀ ಹೊಗೆ.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಅಥವಾ ತಂಗಿಯ ಗಂಡ. ನಮ್ಮ ಗಡಿಯ ಮರಾಠಿಯವರು ಸಾಡು ಎನ್ನುತ್ತಾರೆ. ಷಡ್ಡಕ ಎಂಬ ಪದ ಎಲ್ಲಿಂದ ಬಂತೆಂದು ಪಂಡಿತರು ಏನೇ ಹೇಳಲಿ, ನನಗೆ ಅದರಲ್ಲಿ ಷಡ್ವೈರಿಗಳ ವಾಸನೆ ಹೊಡೆಯುತ್ತದೆ. ಕಾಮ, ಕ್ರೋಧ, ಲೋಭ, ಮೋಹ, ಮದ ಎಂದು ಎಣಿಸುತ್ತ ಹೋದರೆ ಕೊನೆಗೆ ಕುಳಿತಿರುವುದು ಮಾತ್ಸರ್ಯ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಮಾಡಿಕೊಂಡವರು ಸಾಯುವ ತನಕ ಒಂದೇ ತಕ್ಕಡಿಯ ಎರಡು ಪರಡಿಯಲ್ಲಿ ಕುಳಿತಿರಬೇಕು. ತಕ್ಕಡಿ ಹಿಡಿದವರು ಔರಾದಿನಲ್ಲಿರುವ ನಮ್ಮ ಅತ್ತೆ. ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಅರ್ಧ ಔರಾದು ಅವರ ಕೈಯಲ್ಲೇ ಹುಟ್ಟಿದೆ, ಉಳಿದರ್ಧ ಅವರಿಗೆ ಹೆದರುತ್ತದೆ.

ನಾನು ಬೀದರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನ್ನ ಹೆಂಡತಿ ಶಾಂತಾಳ ತಂಗಿ ಪ್ರೇಮಾ. ಆಕೆಯ ಗಂಡ ಸುಧಾಕರ ಭಾಲ್ಕಿಯಲ್ಲಿ ಬೋರ್‌ವೆಲ್ ಮೋಟಾರು ಮಾರುತ್ತಾನೆ, ರಿಪೇರಿಯನ್ನೂ ಮಾಡುತ್ತಾನೆ. ಅವನು ಕಾರು ಕೊಂಡಾಗ ನಾನು ತಡೆದುಕೊಂಡೆ. ಮನೆಯ ಮೇಲೆ ಮನೆ ಕಟ್ಟಿದಾಗಲೂ ಉಪ್ಪಿಟ್ಟು ತಿಂದು, ಗಾಳಿ ಚೆನ್ನಾಗಿ ಬರುತ್ತದೆ ಎಂದು ಹೇಳಿ ಬಂದೆ. ಆದರೆ ಹೋದ ಮಳೆಗಾಲ ಮುಗಿಯುತ್ತಿದ್ದಂತೆ ಮುಂಬೈಗೆ ಹೋದವನು ಲಾರಿಯ ಮೇಲೆ ಒಂದು ಸ್ಪೀಡ್ ಬೋಟು ಹೇರಿಕೊಂಡು ಬಂದ. ಬಿಳಿ ಮೈ, ಕೆಂಪು ಪಟ್ಟಿ, ಹಿಂದೆ ಕರಿಯ ಎಂಜಿನ್ನು. ಯಾರೋ ಬಳಸಿ ಬಿಟ್ಟದ್ದಂತೆ. ನಮ್ಮ ಜಿಲ್ಲೆಯವರಿಗೆ ಸಮುದ್ರ ಕಾಣಬೇಕಾದರೆ ಭೂಪಟ ಬಿಚ್ಚಬೇಕು. ಅಂಥ ಕಡೆ, ಭಾಲ್ಕಿಯ ಅವನ ಅಂಗಳದಲ್ಲಿ, ತೊಗರಿ ಒಣಹಾಕಿದ ತಾಡಪತ್ರಿಯ ಪಕ್ಕ ಅದು ನಿಂತಿತು.

ನೋಡಲು ಜಾತ್ರೆಯೇ ನೆರೆಯಿತು. ಮೆಹಕರದಿಂದ ಮೋಟಾರು ರಿಪೇರಿಗೆ ಬಂದಿದ್ದ ರೈತನೊಬ್ಬ ಎಂಜಿನ್ನಿನ ಮೇಲೆ ಎತ್ತಿನ ಬೆನ್ನು ಸವರುವಂತೆ ಕೈಯಾಡಿಸಿ ಕೇಳಿದ.

“ಎಷ್ಟ ಎಚ್‌ಪಿ ಅದರಿ?”

“ನೂರಾ ಹದಿನೈದು,” ಎಂದ ಸುಧಾಕರ.

“ಎಷ್ಟ ಇಂಚ್ ನೀರ ಒಗೀತದರಿ ಹಂಗಾರ?”

“ನೀರ ಒಗಿಯಂಗಿಲ್ಲಪ, ನೀರಾಗ ಓಡ್ತದ.”

“ಓಡಿ ಎಲ್ಲಿಗಿ ಹೋಗ್ತದರಿ?”

“ಹೋಗಿ ಹೊಳ್ಳಿ ಬರ್ತದ.”

ರೈತ, “ಹೊಳ್ಳಿ ಬರೋದಿದ್ರ ಹೋಗೋದ್ಯಾಕರಿ,” ಎಂದು ತನ್ನ ಮೋಟಾರು ಹೊತ್ತು ನಡೆದ. ಈ ಮಾತನ್ನು ನಾನು ಬೀದರಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಎಷ್ಟು ಉಲ್ಲಾಸವಿತ್ತೆಂದರೆ, ಕೇಳಿದವರು ರೈತನನ್ನು ಬಿಟ್ಟು ನನ್ನನ್ನೇ ಅನುಮಾನದಿಂದ ನೋಡಿದರು.

ಎಚ್‌ಪಿ ಎಂದರೆ ಕುದುರೆಯ ಶಕ್ತಿ ಎಂದು ಪ್ರತಿ ವರ್ಷ ಪಾಠ ಮಾಡುವವನು ನಾನು. ಬಹಮನಿ ಸುಲ್ತಾನರ ಕಾಲದಲ್ಲಿ ಅರಬ್ಬಿ ಕುದುರೆಗಳು ಹಡಗು ಹತ್ತಿ ಪಶ್ಚಿಮದ ಬಂದರುಗಳಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಬೀದರಿಗೆ ಬರುತ್ತಿದ್ದವು. ಈಗ ನೂರಾ ಹದಿನೈದು ಕುದುರೆಗಳು ಹಡಗನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದಿವೆ. ಬಂದದ್ದಕ್ಕೆ ನನ್ನ ತಕರಾರಿಲ್ಲ. ಬೀದರಿಗೆ ಬರುವುದು ಬಿಟ್ಟು ಭಾಲ್ಕಿಗೆ ಯಾಕೆ ಬಂದವು ಎನ್ನುವುದೇ ನನ್ನ ಸಂಕಟ.

ಆಗ ನಾನು ಒಂದು ಕೆಲಸ ಮಾಡಿದೆ. ದೋಣಿ ಅವನ ಅಂಗಳದಲ್ಲಿರಲಿ, ದೋಣಿಯ ವಿದ್ಯೆ ನನ್ನ ತಲೆಯಲ್ಲಿರಲಿ ಎಂದು ಓದಲು ಕುಳಿತೆ. ಹೊರಗೆ ತೂಗುವ ಎಂಜಿನ್ನು ಯಾವುದು, ಒಡಲೊಳಗೆ ಕೂರುವ ಎಂಜಿನ್ನು ಯಾವುದು, ನೀರನ್ನು ಹಿಂದಕ್ಕೆ ತಳ್ಳುವ ಪಂಖದ ಎಲೆ ಎಷ್ಟು ಓರೆಯಾಗಿರಬೇಕು, ತಳ ಯಾಕೆ ನೇಗಿಲಿನಂತೆ ಚೂಪಾಗಿರಬೇಕು, ಎಲ್ಲವನ್ನೂ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೊಬೈಲಿನಲ್ಲಿ ಅರೆದು ಕುಡಿದೆ. ನನ್ನ ಮನಸ್ಸು ಸೋತದ್ದು ಒಂದು ಸಂಗತಿಗೆ. ಇಂಥ ದೋಣಿ ಮೊದಮೊದಲು ನೀರನ್ನು ಸೀಳಿಕೊಂಡು ತಿಣುಕುತ್ತದೆ. ವೇಗ ಒಂದು ಹದಕ್ಕೆ ಬಂದೊಡನೆ ಮೈಯೆತ್ತಿ ನೀರಿನ ಮೇಲೆಯೇ ಜಾರತೊಡಗುತ್ತದೆ, ಕೆರೆಗೆ ಓರೆಯಾಗಿ ಎಸೆದ ಹೆಂಚಿನ ಚೂರು ಹೋಗುವ ಹಾಗೆ. ಆ ಕ್ಷಣದ ವಿಡಿಯೊ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಶಾಂತಾ ಒಮ್ಮೆ ಹಿಂದೆ ನಿಂತು ನೋಡಿ, “ತಗೊಳ್ಳೋರು ಅವರು, ಓದೋರು ನೀವು,” ಎಂದು ಒಳಗೆ ಹೋದಳು. ನಾನು ವಿಡಿಯೊವನ್ನು ಮತ್ತೆ ಮೊದಲಿನಿಂದ ಹಚ್ಚಿದೆ.

ಕ್ರಿಸ್‌ಮಸ್ ಕಳೆದ ವಾರ ಕಾರಂಜಾ ಜಲಾಶಯದಲ್ಲಿ ದೋಣಿ ಇಳಿಸುವುದೆಂದಾಯಿತು. ಪರವಾನಗಿ, ಲೈಫ್ ಜಾಕೆಟ್ಟು ಎಲ್ಲ ಸಿದ್ಧವಾಗಿದ್ದವು. ಪಾಸ್ಟರು ಚುಟುಕಾಗಿ ಪ್ರಾರ್ಥನೆ ಮಾಡಿದರು. ಅತ್ತೆ ಔರಾದಿನಿಂದ ಹೊಸ ಸೀರೆ ಉಟ್ಟು ಬಂದಿದ್ದರು. ದಂಡೆಯ ಮೇಲೆ ಸುತ್ತಲ ಹಳ್ಳಿಯವರೂ ಸೇರಿದ್ದರು.

“ಅಣ್ಣಾರ, ಬರ್ರಿ. ಇದರ ಸೈನ್ಸ್ ನಿಮಗ ಗೊತ್ತದ,” ಎಂದು ಸುಧಾಕರ ಕೈಚಾಚಿದ.

“ಮೊಣಕಾಲ ಹಿಡದದ. ನೀವು ಹೋಗಿ ಬರ್ರಿ,” ಎಂದೆ, ಮತ್ತು ನಂಬಿಕೆ ಬರಲೆಂದು ಎರಡು ಹೆಜ್ಜೆ ಕುಂಟಿದೆ.

ದೋಣಿಯ ಹಿಂಬದಿಯ ಸೀಟು ಸೋಫಾದಂತೆ ಮೆತ್ತಗಿತ್ತು. ಮರ್ಯಾದೆಯ ಜಾಗವೆಂದು ಅತ್ತೆಯನ್ನು ಅಲ್ಲಿ ಕೂರಿಸಿದರು. ಇಲ್ಲಿ ನಮ್ಮ ಸೀಮೆಯ ಒಂದು ಮಾತು ಹೇಳಬೇಕು. ಬೀದರಿನಲ್ಲಿ ಅದಬ್ ಎಂಬುದೊಂದಿದೆ, ನಡೆನುಡಿಯ ಮರ್ಯಾದೆ. ದರ್ಗಾದಿಂದ ಹೊರಬರುವವರು ಗೋರಿಗೆ ಬೆನ್ನು ತೋರಿಸದೆ ಹಿಂದಡಿ ಇಡುತ್ತ ಬರುತ್ತಾರೆ. ಹಿರಿಯರ ಎದುರು ಬೆನ್ನು ಮಾಡಿ ಕೂರುವುದು ಹಿಂದೂ, ಮುಸಲ್ಮಾನ, ಕ್ರಿಸ್ತರೆನ್ನದೆ ಎಲ್ಲರ ಮನೆಯಲ್ಲೂ ತಪ್ಪು. ಹೀಗಾಗಿ ಅತ್ತೆ ಹಿಂದೆ ಕುಳಿತರೆಂದ ಮೇಲೆ ಮುಂದಿನ ಸೀಟಿಗೆ ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ಶಾಂತಾ, ಪ್ರೇಮಾ, ಬಂದ ನೆಂಟರು, ಬುತ್ತಿಯ ಗಂಟು, ಎಲ್ಲವೂ ಹಿಂದೆ ಅತ್ತೆಯ ಸುತ್ತ ಒತ್ತೊತ್ತಾಗಿ ಸೇರಿದವು. ಸ್ಟೀರಿಂಗ್ ಹಿಡಿದ ಸುಧಾಕರ ಕೂಡ ವಿಧಿಯಿಲ್ಲದೆ ಮೈ ಓರೆ ಮಾಡಿಕೊಂಡು ನಿಂತಿದ್ದ.

ಎಂಜಿನ್ನು ಗುಡುಗಿತು. ದೋಣಿಯ ಹಿಂಭಾಗ ನೀರಿನಲ್ಲಿ ಕುಸಿದು ಮೂತಿ ಆಕಾಶಕ್ಕೆ ಎದ್ದಿತು. ಮುಂದೇನಿದೆ ಎಂದು ಕಾಣದೆ ಸುಧಾಕರ ಹೆದರಿ ವೇಗ ಇಳಿಸಿದ. ಮತ್ತೆ ಏರಿಸಿದ, ಮತ್ತೆ ಮೂತಿ ಎದ್ದಿತು, ಮತ್ತೆ ಇಳಿಸಿದ. ದಂಡೆಯವರು ಮೊದಲು ಬೆರಗಾದರು, ಆಮೇಲೆ ನಕ್ಕರು. “ಬರೇ ಸಪ್ಪಳ ಅದ, ನಡಗಿ ಇಲ್ಲ,” ಎಂದನೊಬ್ಬ. “ಬಿಚ್ಚಿ ಭಾವಿಗಿ ಹಚ್ಚಂತ ಹೇಳ್ರಿ,” ಎಂದ ಇನ್ನೊಬ್ಬ.

ಸುಧಾಕರ ದೋಣಿಯನ್ನು ದಂಡೆಗೆ ತಂದು ಇಳಿದು ಬಂದು ನನ್ನ ಪಕ್ಕದ ಕಲ್ಲಿನ ಮೇಲೆ ಕುಳಿತ.

“ಅಣ್ಣಾರ, ನಾ ಮೋಸ ಹೋದೆರಿ. ಇದು ನಮ್ಮಂಥೋರ ಕೆಲಸ ಅಲ್ಲ. ನಾಳಿಗೇ ಮುಂಬೈಕ ಫೋನ್ ಹಚ್ಚಿ ಮಾರಿಬಿಡ್ತೇನಿ.”

ಸುಳ್ಳು ಯಾಕೆ ಹೇಳಲಿ, ನನಗೆ ವಾರದೊಳಗೆ ಎರಡನೆಯ ಕ್ರಿಸ್‌ಮಸ್ ಬಂತು. ಮೂತಿ ಮೇಲೆದ್ದ ಕ್ಷಣವೇ ಕಾರಣ ನನಗೆ ತಿಳಿದಿತ್ತು. ಭಾರವೆಲ್ಲ ಹಿಂದೆ ಬಿದ್ದರೆ ದೋಣಿ ಮೈಯೆತ್ತುವುದಾದರೂ ಹೇಗೆ? ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಲಾರಿ ಬಂದು ನನ್ನ ಹೊಟ್ಟೆನೋವನ್ನು ಹೇರಿಕೊಂಡು ಹೋಗುತ್ತದೆ. ಅದೂ ಅತ್ತೆಯ ಕಣ್ಣೆದುರಿಗೆ. ಇಂಥ ಸುಯೋಗ ಷಡ್ಡಕರ ಚರಿತ್ರೆಯಲ್ಲಿ ಯಾರಿಗೂ ಒದಗಿರಲಿಕ್ಕಿಲ್ಲ.

ಆದರೆ ದೋಣಿಯ ಕಡೆಗೆ ನೋಡಿದ್ದೇ ತಪ್ಪಾಯಿತು. ಎಂಜಿನ್ನನ್ನು ಮೇಲೆತ್ತಿ ನಿಲ್ಲಿಸಿದ್ದರು, ನೀರು ತೊಟ್ಟಿಕ್ಕುತ್ತಿತ್ತು. ಒಬ್ಬ ಹುಂಬ ಅದಕ್ಕೆ ಬೆರಳಿನಿಂದ ಕುಟ್ಟಿ ನಗುತ್ತಿದ್ದ. ಮೂರು ತಿಂಗಳು ಅದರ ಒಂದೊಂದು ಅಂಗವನ್ನೂ ಓದಿ ಮೆಚ್ಚಿದವನು ನಾನು. ಅದರ ಮರ್ಯಾದೆ ಹೀಗೆ ಹೋಗುವುದನ್ನು ನೋಡಲಾಗಲಿಲ್ಲ. ಬೋರ್ಡಿನ ಮೇಲೆ ತಪ್ಪು ಲೆಕ್ಕ ಕಂಡರೆ ಅಳಿಸದೆ ಇರಲಾರದ ಮೇಷ್ಟರ ರೋಗವೂ ಸೇರಿಕೊಂಡಿತು. ಬಾಯಿ ತಾನಾಗಿ ತೆರೆಯಿತು.

“ಎಂಜಿನ್‌ದು ತಪ್ಪಿಲ್ಲ, ಸುಧಾಕರ್. ಎಲ್ಲಾರೂ ಹಿಂದ ಕುಂತೀರಿ. ಮುಂದ ಭಾರ ಬೀಳಬೇಕು.”

“ಅಮ್ಮಾರಿಗಿ ಬೆನ್ನ ಮಾಡಿ ಮುಂದ ಯಾರು ಕೂಡ್ತಾರರಿ?”

“ಅಮ್ಮಾರನ್ನೇ ಮುಂದ ಕೂಡಸು.”

ದೋಣಿಯಲ್ಲೇ ಕುಳಿತಿದ್ದ ಅತ್ತೆಗೆ ಇದು ಕೇಳಿಸಿತು. “ನನಗ ಯಾರರೆ ಒಂದ ಮಾತ ಕೇಳೀರಿ?” ಎಂದರು. “ನನಗೂ ಮುಂದೇ ಕೂಡಬೇಕಾಗಿತ್ತು. ಇಲ್ಲಿ ಬರೇ ನಿಮ್ಮ ಮಾರಿ ಕಾಣ್ತಾವ. ದೊಡ್ಡ ಅಳಿಯಾರ, ನೀವೂ ಬರ್ರಿ.”

“ಮೊಣಕಾಲರಿ, ಅಮ್ಮಾರ...”

“ಯಾವ ಮೊಣಕಾಲರಿ? ಮುಂಜಾನಿ ಎಡಗಾಲ ಕುಂಟ್ತಿದ್ರಿ, ಈಗ ಬಲಗಾಲ ಹಿಡಕೊಂಡೀರಿ.”

ನಾನು ಎರಡೂ ಕಾಲು ಸರಿಯಾಗಿ ಊರಿಕೊಂಡು ದೋಣಿ ಹತ್ತಿದೆ.

ಅತ್ತೆ ಮುಂದಿನ ಸೀಟಿನಲ್ಲಿ ಕುಳಿತರು. ಅವರಿಗೆ ಬೆನ್ನು ಮಾಡುವ ಭಯ ತಪ್ಪಿದ ಮೇಲೆ ಉಳಿದವರು ಎಲ್ಲೆಲ್ಲಿ ಜಾಗವಿತ್ತೋ ಅಲ್ಲಲ್ಲಿ ಹರಡಿಕೊಂಡರು. ಭಾರ ಸಾಲದೆಂದು ನನ್ನನ್ನು ಮೂತಿಯ ತುದಿಗೆ ಕಳಿಸಿದರು. ಅಲ್ಲಿ ನಾನು ಅತ್ತೆಗೆ ಮುಖ ಮಾಡಿ, ಅಂದರೆ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತೆ. ಎಂಜಿನ್ನು ಗುಡುಗಿತು, ಮೂತಿ ಒಮ್ಮೆ ಎದ್ದು ತಟಕ್ಕನೆ ಸಮವಾಯಿತು, ಕೆಳಗಿನ ನೀರು ಗಟ್ಟಿಯಾದಂತಾಯಿತು. ನಾನು ವಿಡಿಯೊದಲ್ಲಿ ಅಷ್ಟು ಸಲ ನೋಡಿದ್ದ ಕ್ಷಣ ಬಂದೇ ಬಂತು. ಆದರೆ ನನಗೆ ಕಂಡದ್ದು ಗಾಜಿನ ಹಿಂದೆ ನಿಂತಿದ್ದ ಸುಧಾಕರನ ಮುಖ ಮಾತ್ರ. ಬಾಯಿ ತೆರೆದಿತ್ತು, ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತು, ನನ್ನನ್ನೇ ನೋಡಿ ನಗುತ್ತಿದ್ದ. ಅವನ ಸಾಮಾನುಗಳನ್ನು ಇಷ್ಟು ವರ್ಷ ಕಣ್ಣಿಟ್ಟು ನೋಡಿದವನು ನಾನು. ಅವನ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ ಎನಿಸಿತು.

ನಡುನೀರಿನಲ್ಲಿ ಅವನು ಎಂಜಿನ್ನು ತಗ್ಗಿಸಿದ. “ಅಣ್ಣಾರ, ಈಗ ನೀವು ಹಿಡೀರಿ,” ಎಂದು ನನ್ನನ್ನು ಸ್ಟೀರಿಂಗಿಗೆ ಕರೆದು, ತಾನು ಬಂದು ಮೂತಿಯಲ್ಲಿ ನನ್ನ ಜಾಗಕ್ಕೆ ಕುಳಿತ.

ಓದಿದ್ದೆಲ್ಲ ಕೈಗೆ ಇಳಿಯಿತು. ವೇಗದ ಲಿವರನ್ನು ಹದವಾಗಿ ಮುಂದೂಡಿದೆ. ದೋಣಿ ಅವನ ಕೈಯಲ್ಲಿ ಎದ್ದದ್ದಕ್ಕಿಂತ ನಯವಾಗಿ ಎದ್ದಿತು. ಒಂದು ತಿರುವು ತೆಗೆದುಕೊಂಡೆ, ಬುತ್ತಿಯ ಗಂಟು ಕೂಡ ಅಲುಗಲಿಲ್ಲ. ಶಾಂತಾ ನನ್ನನ್ನು ಮದುವೆಯ ಫೋಟೊದಲ್ಲಿ ನೋಡಿದಂತೆ ನೋಡಿದಳು. “ದೊಡ್ಡ ಅಳಿಯಾರ ಕೈ ಎಷ್ಟ ಹಗೂರ ಅದ ನೋಡ್ರಿ,” ಎಂದರು ಅತ್ತೆ.

ಆಗ ಸುಧಾಕರನ ಮುಖದಲ್ಲಿ ಒಂದು ಸಣ್ಣ ಬದಲಾವಣೆ ಕಂಡಿತು. ನಗು ಇತ್ತು, ಆದರೆ ಕಣ್ಣಿನ ತನಕ ಹೋಗುತ್ತಿರಲಿಲ್ಲ. ತುಟಿಯ ಒಂದು ಕೊನೆ ಇಳಿದಿತ್ತು. ಬೇರೆಯವರಾದರೆ ಬಿಸಿಲೆಂದುಕೊಳ್ಳುತ್ತಿದ್ದರು. ನನಗೆ ಆ ಮುಖ ಚೆನ್ನಾಗಿ ಗೊತ್ತು. ದಿನಾ ಗಡ್ಡ ಹೆರೆದುಕೊಳ್ಳುವಾಗ ಕಾಣುತ್ತದೆ. ಅದರೊಳಗೆ ಈಗ ಏನು ನಡೆಯುತ್ತಿದೆ, ಇಂದು ರಾತ್ರಿ ಊಟ ಹೇಗೆ ರುಚಿಸುವುದಿಲ್ಲ, ಎಲ್ಲವೂ ಗೊತ್ತು.

ಲಿವರನ್ನು ಬೇಕೆಂದೇ ಧಡಕ್ಕನೆ ಹಿಂದಕ್ಕೆ ಎಳೆದೆ. ಮೂತಿ ಧೊಪ್ಪನೆ ಕುಸಿದು ನೀರು ಎರಚಿ, ಅತ್ತೆಯ ಹೊಸ ಸೀರೆಯೂ ನನ್ನ ಅಂಗಿಯೂ ತೊಯ್ದುಹೋದವು.

“ಅಯ್ಯ, ಸಾಕ ಬಿಡ್ರಿ ನಿಮ್ಮ ಸೈನ್ಸು,” ಎಂದರು ಅತ್ತೆ ಸೆರಗು ಹಿಂಡುತ್ತ. “ಸಣ್ಣ ಅಳಿಯಾರ, ನೀವೇ ನಡಸ್ರಿ.”

ಸುಧಾಕರ ಚಂಗನೆ ಎದ್ದ. “ಆಗ್ತದರಿ ಅಣ್ಣಾರ, ಮೊದಲ ಸಲಕ್ಕ ಎಲ್ಲಾರಿಗೂ ಹಿಂಗೇ,” ಎಂದು ನನ್ನ ಭುಜ ತಟ್ಟಿ ಸ್ಟೀರಿಂಗ್ ಹಿಡಿದ. ಅವನ ನಗು ಈಗ ಕಣ್ಣು ಮುಟ್ಟಿತ್ತು. ನಾನು ತೊಯ್ದ ಅಂಗಿಯಲ್ಲೇ ಮೂತಿಗೆ ಹೋಗಿ ಕುಳಿತೆ. ಎಷ್ಟು ಹೊತ್ತು ಹಾಗಿರುತ್ತದೋ ಗೊತ್ತಿಲ್ಲ, ಆಗ ಮಾತ್ರ ಹೊಟ್ಟೆ ತಣ್ಣಗಿತ್ತು.